ಮೈದಾ ಇಲ್ಲದ ಚೀನಿಕಾಯಿ ಸ್ಕೋನ್: ಹದಿನಾಲ್ಕು ಬ್ಯಾಚ್ ಹಾಳಾದ ಮೇಲೆ

ಗೋಧಿ ಹಿಟ್ಟಿನಲ್ಲಿ ಸ್ಕೋನ್ (ಪುಟ್ಟ ಬನ್ನಿನಂಥ, ಯೀಸ್ಟ್ ಹಾಕದ ತಿಂಡಿ) ಮಾಡ್ತೀನಿ, ಅದೂ ಚೀನಿಕಾಯಿ, ಅಂದರೆ ಸಿಹಿಗುಂಬಳ, ಹಾಕಿ ಅಂದಾಗ ನಮ್ಮ ಹೋಮ್ ಬೇಕರ್ ಗೆಳತಿಯರಲ್ಲಿ ಒಬ್ಬರೂ ಒಪ್ಪಲಿಲ್ಲ. "ಅದು ಸ್ಕೋನ್ ಆಗಲ್ಲ ಕಣೇ, ಪಾಯಕ್ಕೆ ಹಾಕೋ ಕಲ್ಲಾಗುತ್ತೆ" ಅಂದಳು ಒಬ್ಬಳು. ನನಗೆ ಸಿಟ್ಟು ಬಂತು. ಆದರೆ ಮೊದಲ ನಾಲ್ಕು ತಿಂಗಳು ಅವಳ ಮಾತೇ ನಿಜವಾಯಿತು. ಕಲ್ಲೂ ಆಯಿತು, ಅಂಟೂ ಆಯಿತು, ಒಂದು ಸಲ ತಟ್ಟೆಯಿಂದ ಚಮಚದಲ್ಲಿ ಕೆರೆದು ತೆಗೆಯುವ ಹಾಗೂ ಆಯಿತು.

ಈಗ ವಾರಕ್ಕೆ ಎಪ್ಪತ್ತು, ಎಂಬತ್ತು ಸ್ಕೋನ್ ನಮ್ಮ ಮನೆಯಿಂದ ಹೋಗುತ್ತಿವೆ. ಕಲ್ಲು ಅಂದವಳೇ ಮಗನ ಹುಟ್ಟುಹಬ್ಬಕ್ಕೆ ಎರಡು ಡಜನ್ ತರಿಸಿಕೊಂಡಳು. ಹಾಗಾಗಿ ಬರೆಯುವ ಧೈರ್ಯ ಬಂದಿದೆ. ಒಟಿಜಿ (ಕರೆಂಟಿನ ಪುಟ್ಟ ಓವನ್), ತೂಕದ ಸ್ಕೇಲು, ಬೇಕಿಂಗ್ ಪೌಡರ್ ಇವೆಲ್ಲ ನಿಮಗೆ ಗೊತ್ತಿರುವುದೇ. ಅದನ್ನು ಬಿಟ್ಟು ನಾನು ಎಡವಿದ ಜಾಗಗಳನ್ನು ಹೇಳುತ್ತೇನೆ.

ಶುರುವಾಗಿದ್ದು ಅಟ್ಟದಿಂದ. ನಮ್ಮದು ಸಾಗರದ ಕಡೆ. ಮನೆಯಲ್ಲಿ ಬೆಳೆದ ಚೀನಿಕಾಯಿ ಆ ವರ್ಷ ಮೂವತ್ತರ ಮೇಲಿತ್ತು. ಪಲ್ಯ, ಸಾಸಿವೆ, ಕಡುಬು, ದೋಸೆ ಎಲ್ಲ ಆದಮೇಲೂ ಅರ್ಧ ಅಟ್ಟ ಹಾಗೇ ಇತ್ತು. ಪೇಟೆಗೆ ಒಯ್ದರೆ ಕೆಜಿಗೆ ಹತ್ತು, ಹನ್ನೆರಡು ರೂಪಾಯಿ ಕೊಡುತ್ತಿದ್ದರು. ಆಟೋ ಬಾಡಿಗೆಗೂ ಸಾಲದು. ಅದೇ ಹೊತ್ತಿಗೆ ಬ್ರಿಸ್ಬೇನ್‌ನಲ್ಲಿರುವ ನಾದಿನಿ ಫೋನ್ ಮಾಡಿದ್ದಳು. "ಅತ್ತಿಗೆ, ಇಲ್ಲಿ ಚೀನಿಕಾಯಿ ಅಂದ್ರೆ ಸ್ಕೋನು. ಇವರಿಗೆ ಅದೇ ಕಡುಬು" ಅಂದಳು.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಇದು ಮನೆಮಾತಾದ ತಿಂಡಿಯಂತೆ. ಅಲ್ಲಿ 1968ರಿಂದ 1987ರವರೆಗೆ ಪ್ರೀಮಿಯರ್, ಅಂದರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ, ಆಗಿದ್ದವರು ಜೋ ಬ್ಯೆಲ್ಕೆ-ಪೀಟರ್ಸನ್. ಅವರ ಹೆಂಡತಿ ಫ್ಲೋ ಅವರ ಸ್ಕೋನ್ ಗಂಡನ ರಾಜಕೀಯದಷ್ಟೇ ಹೆಸರು ಮಾಡಿತ್ತು. ಫ್ಲೋ ತಾವೂ ಸುಮ್ನೆ ಅಡುಗೆಮನೆಯಲ್ಲಿ ಕೂತವರಲ್ಲ, 1981ರಿಂದ 1993ರವರೆಗೆ ಸೆನೆಟರ್, ಅಂದರೆ ನಮ್ಮ ರಾಜ್ಯಸಭೆ ಸದಸ್ಯರ ಹಾಗೆ, ಆಗಿದ್ದರು. ಅವರಿದ್ದ ಕಿಂಗರಾಯ್ ಊರು ಕಡಲೆಕಾಯಿಗೆ ಪ್ರಸಿದ್ಧ. ನಾದಿನಿ ಕಳಿಸಿದ ಅವರ ರೆಸಿಪಿ ಇಷ್ಟೇ: ಒಂದು ಚಮಚ ಬೆಣ್ಣೆ, ಅರ್ಧ ಕಪ್ ಸಕ್ಕರೆ, ಒಂದು ಮೊಟ್ಟೆ, ಒಂದು ಕಪ್ ಬೇಯಿಸಿ ಮಸೆದು ತಣ್ಣಗಾದ ಕುಂಬಳ, ಎರಡು ಕಪ್ ಸೆಲ್ಫ್ ರೈಸಿಂಗ್ ಹಿಟ್ಟು (ಬೇಕಿಂಗ್ ಪೌಡರ್ ಬೆರೆಸಿಯೇ ಬರುವ ಮೈದಾ), ಚಿಟಿಕೆ ಉಪ್ಪು. ಬಿಸಿ ಒಲೆ. ಮುಗಿಯಿತು.

ಇಷ್ಟು ಸುಲಭದ್ದನ್ನು ನಾನು ಹದಿನಾಲ್ಕು ಸಲ ಹೇಗೆ ಕೆಡಿಸಿದೆ? ಮೈದಾ ತೆಗೆದೆ, ಮೊಟ್ಟೆ ತೆಗೆದೆ, ಸಕ್ಕರೆ ತೆಗೆದೆ. ಮೂರನ್ನೂ ಒಂದೇ ದಿನ. ಮೊಟ್ಟೆ ಬೇಡವೇ ಬೇಡ, ನನ್ನ ಗಿರಾಕಿಗಳಲ್ಲಿ ಮುಕ್ಕಾಲು ಪಾಲು ಜನ ತಿನ್ನುವುದಿಲ್ಲ. ಆದರೆ ಒಂದೊಂದಾಗಿ ಬದಲಿಸಬೇಕಿತ್ತು. ಯಾವುದರಿಂದ ಕೆಟ್ಟಿತು ಅಂತಲೇ ತಿಳಿಯದೆ ಎರಡು ತಿಂಗಳು ಹೋಯಿತು.

ಮೊದಲ ಬ್ಯಾಚಿಗೆ ಚೀನಿಕಾಯಿಯನ್ನು ಕುಕ್ಕರಿನಲ್ಲಿ ಎರಡು ಸೀಟಿ ಕೂಗಿಸಿದೆ. ಮಿಕ್ಸಿಗೆ ಹಾಕಿದರೆ ಸೂಪು. ಹಿಟ್ಟು ಹಿಡಿಸುತ್ತಾ ಹೋದೆ, ಹೋದೆ, ಕಡೆಗೆ ಅರ್ಧ ಕೆಜಿ ಗೋಧಿ ಹಿಟ್ಟು ನುಂಗಿತು. ಹೊರಗೆ ಕಲ್ಲು, ಒಳಗೆ ಹಸಿ. ಎರಡನೆಯದಕ್ಕೆ ಇಂಟರ್ನೆಟ್ಟಿನ ಅಮೆರಿಕದ ರೆಸಿಪಿ ಹಿಡಿದೆ, ಗ್ರಾಂ ಬಿಡದೆ. ಅದೂ ಅಂಟು. ಅಲ್ಲಿನವರು ಎಲ್ಲರೂ ಚೆನ್ನಾಗಿ ಬಂತು ಅಂತ ಬರೆದಿದ್ದಾರೆ, ನನಗೆ ಮಾತ್ರ ಯಾಕೆ ಹೀಗೆ ಅಂತ ಅಳು ಬಂದಿತ್ತು.

ಉತ್ತರ ಸಿಕ್ಕಿದ್ದು ಒಂದು ಡಬ್ಬಿಯಲ್ಲಿ. ಬೆಂಗಳೂರಿಗೆ ಹೋದಾಗ ವಿದೇಶಿ ಸಾಮಾನಿನ ಅಂಗಡಿಯಲ್ಲಿ ಡಬ್ಬಿಯಲ್ಲಿ ತುಂಬಿದ ಕುಂಬಳದ ಪ್ಯೂರಿ ಸಿಕ್ಕಿತು. ನಾನೂರೈವತ್ತು ರೂಪಾಯಿಯೋ ಏನೋ. ಅಟ್ಟದ ತುಂಬ ಚೀನಿಕಾಯಿ ಇಟ್ಟುಕೊಂಡು ಡಬ್ಬಿ ತಂದಿದ್ದೀಯಾ ಅಂತ ನಮ್ಮನೆಯವರು ಇವತ್ತಿಗೂ ಆಡಿಕೊಳ್ಳುತ್ತಾರೆ. ಮನೆಗೆ ಬಂದು ಮುಚ್ಚಳ ತೆಗೆದು ಚಮಚ ಚುಚ್ಚಿದೆ. ನೆಟ್ಟಗೆ ನಿಂತಿತು! ಅಮೆರಿಕದವರು ಒಂದು ಕಪ್ ಅನ್ನುವುದು ಈ ಗಟ್ಟಿಯನ್ನು. ನಾನು ಹಾಕುತ್ತಿದ್ದ ಒಂದು ಕಪ್‌ನಲ್ಲಿ ಅರ್ಧ ಬರೀ ನೀರು. ಆ ನಾನೂರೈವತ್ತು ರೂಪಾಯಿ ದಂಡ ಅಂತ ನನಗೆ ಅನ್ನಿಸಲೇ ಇಲ್ಲ.

ಅಲ್ಲಿಂದ ಮುಂದೆ ನಾನು ಮಾಡಿದ್ದೆಲ್ಲ ನೀರಿನ ಜೊತೆ ಜಗಳ. ಕುಕ್ಕರ್ ಬಿಟ್ಟೆ. ಸಿಪ್ಪೆ ಸಮೇತ ದೊಡ್ಡ ಹೋಳು ಮಾಡಿ, ಕೊಯ್ದ ಭಾಗ ಕೆಳಗೆ ಬರುವ ಹಾಗೆ ಟ್ರೇಯಲ್ಲಿಟ್ಟು 190 ಡಿಗ್ರಿಯಲ್ಲಿ ಮುಕ್ಕಾಲು ಗಂಟೆ ಸುಡುತ್ತೇನೆ. ತಿರುಳನ್ನು ಚಮಚದಲ್ಲಿ ಕೆರೆದು ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಮಗುಚುತ್ತಾ ಇರಬೇಕು. ಒಂದು ಕೆಜಿ ಹೋಳಿಗೆ ಕಡೆಗೆ ಉಳಿಯುವುದು 350 ಗ್ರಾಂ ಆಸುಪಾಸು. ಸೌಟಿನಲ್ಲಿ ಗೆರೆ ಎಳೆದರೆ ಗೆರೆ ಮುಚ್ಚಿಕೊಳ್ಳಬಾರದು. ಅದೇ ಗುರುತು, ಗಡಿಯಾರ ನೋಡಬೇಡಿ.

ಅಂಗಡಿಯ ಕಾಯಿ ಮತ್ತು ಅಟ್ಟದ ಕಾಯಿ ಒಂದೇ ಅಲ್ಲ. ಪೇಟೆಯಲ್ಲಿ ಹೋಳು ಮಾಡಿ ಮಾರುವ ದೊಡ್ಡ ಕಾಯಿಯಲ್ಲಿ ನೀರು ಜಾಸ್ತಿ. ಎರಡು ಮೂರು ತಿಂಗಳು ಅಟ್ಟದಲ್ಲಿ ಕೂತ ಕಾಯಿ ಒಣಗಿ ಸಿಹಿಯಾಗಿರುತ್ತದೆ, ಬಣ್ಣವೂ ಕಡು. ಅಂಥ ಕಾಯಿ ಮೆಟ್ಟುಗತ್ತಿಗೆ ಬಗ್ಗುವುದಿಲ್ಲ. ನಮ್ಮನೆಯಲ್ಲಿ ಇಡೀ ಕಾಯಿಗೆ ಮೊದಲ ಕತ್ತಿ ಗಂಡಸರೇ ಹಾಕಬೇಕು ಅನ್ನುವ ಪದ್ಧತಿ ಬೇರೆ. ಹಾಗಾಗಿ ಬೇಕಿಂಗ್ ದಿನ ಬೆಳಿಗ್ಗೆ ಇವರು ತೋಟಕ್ಕೆ ಹೋಗುವ ಮೊದಲೇ ಹಿಡಿದು ಕೂರಿಸುತ್ತೇನೆ.

ಬೆಲ್ಲದ ಕಥೆ ಬೇರೆಯೇ ಇದೆ. ಮೊದಲು ಪುಡಿ ಬೆಲ್ಲ ಹಾಕಿದೆ. ಸಣ್ಣ ಸಣ್ಣ ಗಂಟು ಉಳಿದು, ಒಲೆಯಲ್ಲಿ ಕರಗಿ ಸೋರಿ, ತಳವೆಲ್ಲ ಕರಕಲು. ಆಮೇಲೆ ಜೋನಿ ಬೆಲ್ಲ (ದ್ರವ ಬೆಲ್ಲ) ನೇರ ಹಾಕಿದೆ, ಮತ್ತೆ ಹಿಟ್ಟು ನೀರಾಯಿತು. ಈ ಗೋಳನ್ನು ನೋಡುತ್ತಾ ಅಡಿಕೆ ಕತ್ತರಿಸುತ್ತಿದ್ದ ಅತ್ತೆ, "ಹಲ್ವ ಮಾಡೋವಾಗ ಬೆಲ್ಲ ಕಡೇಲಿ ಸುರಿತೀಯೇನೇ?" ಅಂದರು. ಅಷ್ಟೇ. ಈಗ ಜೋನಿ ಬೆಲ್ಲವನ್ನು ಬಾಣಲೆಯಲ್ಲೇ ಚೀನಿಕಾಯಿ ಜೊತೆ ಹಾಕಿ ಒಟ್ಟಿಗೆ ಇಂಗಿಸುತ್ತೇನೆ. ಬೆಲ್ಲದ ನೀರೂ ಹೋಯಿತು, ಸುಟ್ಟ ಬೆಲ್ಲದ ಪರಿಮಳವೂ ಬಂತು. ಸಲಹೆ ಕೊಟ್ಟಿದ್ದು ನಾನೇ ಅಂತ ಅತ್ತೆ ಬಂದವರಿಗೆಲ್ಲ ಹೇಳುತ್ತಾರೆ. ಹೇಳಲಿ ಬಿಡಿ.

ಈ ಮಿಶ್ರಣ ಪೂರ್ತಿ ತಣ್ಣಗಾಗಬೇಕು. ನಾನು ರಾತ್ರಿಯಿಡೀ ಫ್ರಿಜ್ಜಿನಲ್ಲಿಡುತ್ತೇನೆ. ಬೆಚ್ಚಗಿದ್ದರೆ ಬೆಣ್ಣೆ ಅಲ್ಲೇ ಕರಗುತ್ತದೆ, ಪದರ ಬಿಡುವುದಿಲ್ಲ. ಫ್ಲೋ ಅವರ ರೆಸಿಪಿಯಲ್ಲಿ ತಣ್ಣಗಾದ ಕುಂಬಳ ಅಂತ ಇದ್ದಿದ್ದನ್ನು ನಾನು ಆರು ಸಲ ಓದಿ ಆರು ಸಲವೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಈಗಿನ ಅಳತೆ, ಹತ್ತು ಸ್ಕೋನಿಗೆ: ಮಿಲ್ಲಿನಲ್ಲಿ ನುಣ್ಣಗೆ ಬೀಸಿಸಿದ ಗೋಧಿ ಹಿಟ್ಟು 240 ಗ್ರಾಂ, ರಾಗಿ ಹಿಟ್ಟು 60, ಬೆಲ್ಲದಲ್ಲಿ ಇಂಗಿಸಿದ ಚೀನಿಕಾಯಿ 220ರ ಹತ್ತಿರ (ಅದರಲ್ಲಿ ಬೆಲ್ಲ ಸುಮಾರು 60), ತಣ್ಣನೆಯ ಬೆಣ್ಣೆ 60, ಬೇಕಿಂಗ್ ಪೌಡರ್ ಮೂರು ಟೀ ಚಮಚ, ಉಪ್ಪು, ಗಟ್ಟಿ ಮೊಸರು ಎರಡು ಮೂರು ಚಮಚ. ಮೊಸರು ಕಣ್ಣಳತೆ, ಮಳೆಗಾಲದಲ್ಲಿ ಒಂದೇ ಸಾಕು. ಸೋಡಾ ಹಾಕಬೇಡಿ. ಏಳನೆಯ ಬ್ಯಾಚಿಗೆ ಉಬ್ಬಲಿ ಅಂತ ಅರ್ಧ ಚಮಚ ಹಾಕಿದ್ದೆ. ಉಬ್ಬಿತು, ಆದರೆ ಬಾಯಿಗಿಟ್ಟರೆ ಸಾಬೂನು.

ಮಸಾಲೆಯಲ್ಲಿ ಶುಂಠಿ ಪುಡಿ, ದಾಲ್ಚಿನ್ನಿ, ಜಾಯಿಕಾಯಿ ಇದೆ. ಇನ್ನೊಂದು ನಮ್ಮ ಹಿತ್ತಲಿನ ಎಲೆ. ಅದರ ಹೆಸರು ಹೇಳುವುದಿಲ್ಲ. ಎಲ್ಲ ಹೇಳಿದರೆ ನನ್ನ ಹತ್ತಿರ ಯಾರು ಕೊಳ್ಳುತ್ತಾರೆ?

ಗೋಧಿ ಹಿಟ್ಟಿನವರಿಗೆ ಒಂದೇ ಮಾತು: ಕಲಸಿದ ತಕ್ಷಣ ಕೊಯ್ಯಬೇಡಿ. ಮೈದಾಕ್ಕೆ ನಡೆಯುತ್ತದೆ, ಇದಕ್ಕೆ ನಡೆಯುವುದಿಲ್ಲ. ತೌಡು ನಿಧಾನಕ್ಕೆ ನೀರು ಕುಡಿಯುತ್ತದೆ. ಕಲಸಿದಾಗ ಅಂಟು ಅಂತ ಕಂಡ ಹಿಟ್ಟು ಫ್ರಿಜ್ಜಿನಲ್ಲಿ ನಲವತ್ತು ನಿಮಿಷ ಕೂತರೆ ಹದಕ್ಕೆ ಬಂದಿರುತ್ತದೆ. ಅಂಟು ನೋಡಿ ಹೆದರಿ ಮತ್ತೆ ಹಿಟ್ಟು ಹಾಕಿದ್ದೇ ನನ್ನ ಅರ್ಧ ಕಲ್ಲುಗಳಿಗೆ ಕಾರಣ. ಚಪಾತಿ ಹಿಟ್ಟಿನ ಹಾಗೆ ನಾದಲೂಬೇಡಿ. ನಮ್ಮ ಕೈಗೆ ಗೋಧಿ ಹಿಟ್ಟು ಸಿಕ್ಕರೆ ಅದು ತಾನಾಗೇ ನಾದಲು ಹೋಗುತ್ತದೆ, ಅಲ್ವಾ? ನಾನಂತೂ ಈಗಲೂ ಫೋರ್ಕಿನಲ್ಲೇ ಕಲಸುತ್ತೇನೆ.

ದಪ್ಪ ಒಂದು ಇಂಚಿಗೆ ಕಡಿಮೆ ಬೇಡ. ಚಾಕುವಿನಲ್ಲಿ ಚೌಕ ಕೊಯ್ದರೆ ಚೂರು ಉಳಿಯುವುದಿಲ್ಲ, ಮತ್ತೆ ಒತ್ತುವ ಕೆಲಸವಿಲ್ಲ. ಟ್ರೇಯಲ್ಲಿ ಒಂದಕ್ಕೊಂದು ತಾಗಿಸಿ ಇಡುತ್ತೇನೆ, ಬದಿ ಮೆತ್ತಗಿರುತ್ತದೆ. 220 ಡಿಗ್ರಿ, ಹದಿನೇಳು ಹದಿನೆಂಟು ನಿಮಿಷ. ನನ್ನ ಒಟಿಜಿಯ ಡಯಲ್ 220 ಅಂದರೆ ಒಳಗೆ 195 ಇತ್ತು. ಅದು ಗೊತ್ತಾಗಿದ್ದು ಹತ್ತನೆಯ ಬ್ಯಾಚಿನ ಮೇಲೆ, ನಾನೂರು ರೂಪಾಯಿಯ ಥರ್ಮಾಮೀಟರ್ ಒಳಗೆ ನೇತುಹಾಕಿದಾಗ. ಮೊದಲೇ ತರಬೇಕಿತ್ತು.

ರಾಗಿ ಅರ್ಧಕ್ಕರ್ಧ ಹಾಕಿ ನೋಡಿದ್ದೇನೆ, ಕೈಯಲ್ಲಿ ಹಿಡಿದರೆ ಮಣ್ಣಿನ ಹಾಗೆ ಉದುರುತ್ತದೆ. ಐದರಲ್ಲಿ ಒಂದು ಪಾಲು ಸಾಕು. ಬೆಣ್ಣೆ ಬದಲು ಕೊಬ್ಬರಿ ಎಣ್ಣೆ ಹಾಕಿದ್ದು ಜನವರಿಯಲ್ಲಿ. ಚಳಿಗೆ ಎಣ್ಣೆ ಬಾಟಲಿಯಲ್ಲೇ ಗಟ್ಟಿಯಾಗಿತ್ತು, ಕೆರೆದು ಹಾಕಿದೆ, ಅದ್ಭುತವಾಗಿ ಬಂತು. ಅದನ್ನೇ ಏಪ್ರಿಲಿನಲ್ಲಿ ಮಾಡಿದರೆ ಎಣ್ಣೆ ಜಾರಿ ಬಿಸ್ಕತ್ತಾಯಿತು. ವಿಜಯಪುರದ ಕಡೆಯ ಪರಿಚಯದವರು ಹುಗ್ಗಿಗೆ ಅಂತ ಎರಡು ಕೆಜಿ ಜವೆ ಗೋಧಿ ಕೊಟ್ಟಿದ್ದರು. ಅದನ್ನೂ ಬೀಸಿಸಿ ಹಾಕಿದೆ. ಇದುವರೆಗೆ ನಾನು ಮಾಡಿದ್ದರಲ್ಲಿ ಅದೇ ಮೆದು. ಆದರೆ ಇಲ್ಲಿ ಅದರ ಬೆಲೆ ಮಾಮೂಲಿ ಗೋಧಿಯ ಮೂರು ಪಟ್ಟು, ಮಾರಾಟಕ್ಕೆ ಗಿಟ್ಟುವುದಿಲ್ಲ. ಮನೆಗೆ ಮಾತ್ರ.

ಒಂದು ದಿನ ಟ್ರೇ ಒಳಗಿಡುವ ಹೊತ್ತಿಗೆ ಕರೆಂಟು ಹೋಯಿತು. ಮಳೆಗಾಲ, ಇನ್ನು ಬರುವುದು ಯಾವಾಗಲೋ. ಹಿಟ್ಟು ದಂಡವಾಗಬಾರದು ಅಂತ ಇಡ್ಲಿ ಪಾತ್ರೆಯಲ್ಲಿ ಹಬೆಗಿಟ್ಟೆ. ಅತ್ತೆ ತುಪ್ಪ ಹಾಕಿಕೊಂಡು ಮೂರು ತಿಂದರು. "ಈಗ ನೋಡು, ಸರಿಯಾಗಿ ಕಡುಬು ಮಾಡಿದೆ" ಅಂದರು.

ಇನ್ನು ದುಡ್ಡು. ಕಲಿಯುವಾಗ ಕಸಕ್ಕೂ ದನಕ್ಕೂ ಹೋಗಿದ್ದು ಥರ್ಮಾಮೀಟರ್, ಡಬ್ಬಿ ಎಲ್ಲ ಸೇರಿ ಮೂರೂವರೆ ಸಾವಿರದ ಹತ್ತಿರ. ಈಗ ಹತ್ತು ಸ್ಕೋನಿಗೆ ಹಿಟ್ಟು ಹದಿನೈದು ರೂಪಾಯಿ, ಬೆಣ್ಣೆ ಮೂವತ್ತೈದು ನಲವತ್ತು, ಬೆಲ್ಲ, ಮೊಸರು, ಮಸಾಲೆ ಇಪ್ಪತ್ತು, ಸುಡುವುದಕ್ಕೂ ಬೇಯಿಸುವುದಕ್ಕೂ ಕರೆಂಟು ಹದಿನೈದು ಅಂತಿಟ್ಟುಕೊಳ್ಳಿ. ಚೀನಿಕಾಯಿ ಮನೆಯದು, ಆದರೂ ಹತ್ತು ರೂಪಾಯಿ ಬರೆಯುತ್ತೇನೆ. ಡಬ್ಬ ಸೇರಿ ಒಂದಕ್ಕೆ ಹದಿನಾಲ್ಕು ರೂಪಾಯಿ ಬೀಳುತ್ತದೆ. ಮೂವತ್ತೈದಕ್ಕೆ ಕೊಡುತ್ತೇನೆ. ಬಾಣಲೆ ಮುಂದೆ ನಿಂತ ನನ್ನ ಕೂಲಿ ಇದರಲ್ಲಿಲ್ಲ, ಅದನ್ನು ಹಿಡಿದರೆ ಲಾಭ ಅಷ್ಟೇನಿಲ್ಲ.

ದೊಡ್ಡ ಪೆಟ್ಟು ಬಿದ್ದಿದ್ದು ಒಂದು ಕೆಫೆಯಿಂದ. ಮೊದಲ ಆರ್ಡರ್, ನಲವತ್ತು ಸ್ಕೋನ್, ಜುಲೈ ತಿಂಗಳು. ಆತುರಕ್ಕೆ ಬಿಸಿಯಿರುವಾಗಲೇ ಡಬ್ಬಕ್ಕೆ ತುಂಬಿದೆ. ಒಳಗೆ ಬೆವರಿತು, ಮೂರನೆಯ ದಿನಕ್ಕೆ ಬೂಸ್ಟು. ಅವರು ಹದಿನಾರು ಮಾರಿದ್ದರು, ಅದರ ದುಡ್ಡೂ ಕೊಡಲಿಲ್ಲ. ತಪ್ಪು ನನ್ನದೇ, ಆದರೆ ಹದಿನಾರರ ದುಡ್ಡು ಕೊಡಬಹುದಿತ್ತು ಅಂತ ಈಗಲೂ ಅನ್ನಿಸುತ್ತದೆ. ಅಂದಿನಿಂದ ಜಾಲರಿಯ ಮೇಲೆ ಎರಡು ಗಂಟೆ ಆರದೆ ಡಬ್ಬ ಮುಟ್ಟುವುದಿಲ್ಲ. ಮಳೆಗಾಲದಲ್ಲಿ ಎರಡೇ ದಿನ ಅಂತ ಚೀಟಿ ಅಂಟಿಸುತ್ತೇನೆ.

ಸಕ್ಕರೆ ಕಾಯಿಲೆಯವರು ತಿನ್ನಬಹುದಾ ಅಂತ ಬಹಳ ಜನ ಕೇಳುತ್ತಾರೆ. ಬೆಲ್ಲವೂ ಸಕ್ಕರೆಯೇ ಅಂತ ನೇರವಾಗಿ ಹೇಳಿಬಿಡುತ್ತೇನೆ. ಮೈದಾ ಇಲ್ಲ, ಮೇಲೆ ಸುರಿಯುವ ಸಕ್ಕರೆ ಪಾಕ ಇಲ್ಲ, ಬೆಣ್ಣೆ ನಾನು ಹಿಂದೆ ಮಾಡುತ್ತಿದ್ದ ಸ್ಕೋನಿನ ಅರ್ಧ. ನಾನು ಹೇಳಿಕೊಳ್ಳುವುದು ಇಷ್ಟೇ. ಹೀಗೆ ಹೇಳಿ ಕೆಲವು ಆರ್ಡರ್ ಕಳೆದುಕೊಂಡಿದ್ದೂ ಇದೆ.

ಕೊಯ್ದ ಹಸಿ ಚೌಕಗಳನ್ನು ಫ್ರೀಜರಿನಲ್ಲಿಟ್ಟು, ಬೇಕಾದಾಗ ಹಾಗೇ ಒಟಿಜಿಗೆ ಹಾಕಬಹುದು, ನಾಲ್ಕೈದು ನಿಮಿಷ ಜಾಸ್ತಿ ಬೇಕು. ಸಿಪ್ಪೆ ಎಸೆಯಬೇಡಿ, ಚಟ್ನಿ ಮಾಡಿ. ಬೀಜ ಸುಲಿದು ಮೇಲೆ ಉದುರಿಸುವ ಆಸೆಯಿಂದ ಒಂದು ಮಧ್ಯಾಹ್ನ ಪೂರ್ತಿ ಕೂತೆ, ಸಿಕ್ಕಿದ್ದು ಒಂದು ಹಿಡಿ, ಉಗುರು ಎರಡು ಮುರಿಯಿತು. ಈಗ ಎಳ್ಳು ಉದುರಿಸುತ್ತೇನೆ. ಆ ಎಳ್ಳು ನಿಲ್ಲಲು ಮೇಲೆ ಏನು ಸವರುತ್ತೇನೆ ಅನ್ನುವುದು ಆ ಎಲೆಯ ಜೊತೆಗೇ ಇರಲಿ.

ಅಟ್ಟದಲ್ಲಿ ಈಗ ನಾಲ್ಕು ಕಾಯಿ ಉಳಿದಿವೆ. ಪಕ್ಕದ ಮನೆಯವರ ಹತ್ತಿರ ಹನ್ನೊಂದು ಇವೆಯಂತೆ. ಹೋದ ವರ್ಷ ಸುಮ್ನೆ ಕೊಡುತ್ತಿದ್ದರು, ಈ ಸಲ ಕೆಜಿಗೆ ಹದಿನೈದು ಕೇಳುತ್ತಿದ್ದಾರೆ.