ತಂಗಿಯ ಮಗಳ ರೆಸ್ಯೂಮ್ ತಿದ್ದಿದ್ದು ಹೀಗೆ

ಶಿರಸಿಯಲ್ಲಿ ಅಡಿಕೆ ವ್ಯಾಪಾರದ ಒಂದು ಆಫೀಸಿನ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ಕೆಲಸ. ಹೊಸಬರು ಬೇಕಾದಾಗ ಬಂದ ರೆಸ್ಯೂಮ್‌ಗಳನ್ನು ಮೊದಲು ಬಿಡಿಸಿ ನೋಡುವವನೂ ನಾನೇ. ಯಾರೂ ಬೇಜಾರು ಮಾಡಿಕೊಳ್ಳಬೇಡಿ, ಹೆಚ್ಚಿನವುಗಳಲ್ಲಿ ಹೆಸರು, ಫೋನ್ ನಂಬರ್ ಬಿಟ್ಟರೆ ಉಳಿದದ್ದೆಲ್ಲ ಒಂದೇ. ಡಿಟಿಪಿ ಅಂಗಡಿಯವರು ಹಳೇ ಫೈಲಿನಲ್ಲೇ ಹೆಸರು ಬದಲಾಯಿಸಿ ಪ್ರಿಂಟ್ ಕೊಟ್ಟಿರುತ್ತಾರೆ. ಒಮ್ಮೊಮ್ಮೆ ಹಿಂದಿನವನ ಅಪ್ಪನ ಹೆಸರು ಹಾಗೇ ಉಳಿದಿರುತ್ತದೆ!

ತಂಗಿಯ ಮಗಳು ಬಿ.ಕಾಂ. ಮುಗಿಸಿ ನನ್ನ ಹತ್ತಿರ ತಂದದ್ದೂ ಅಂಥದ್ದೇ. ಎರಡು ಪುಟ. ಮೇಲೆ ಕರಿಯರ್ ಆಬ್ಜೆಕ್ಟಿವ್, ಕೆಳಗೆ ಡಿಕ್ಲರೇಶನ್. ನಡುವೆ ತಂದೆಯ ಹೆಸರು, ಹುಟ್ಟಿದ ದಿನ, ಮದುವೆ ಆಗಿಲ್ಲ, ಭಾರತೀಯಳು, ಹವ್ಯಾಸ ಹಾಡು ಕೇಳುವುದು. ನಕ್ಷತ್ರ, ಗೋತ್ರ ಎರಡು ಸೇರಿಸಿದ್ದರೆ ಗಂಡಿನ ಕಡೆಯವರಿಗೆ ಕಳಿಸಬಹುದಿತ್ತು. ಅನುಭವ ಅನ್ನುವ ಕಡೆ 'ನಿಲ್' ಅಂತ ಇತ್ತು.

"ಮಾವ, ಎಂಗೆ ಅನುಭವ ಎಂತದೂ ಇಲ್ಲೆ" ಅಂದಳು.

ಅದನ್ನು ನಾನು ಒಪ್ಪಲಿಲ್ಲ. ಆ ಮನೆಯ ತೋಟದ ಲೆಕ್ಕ ಪಿಯುಸಿಯಿಂದಲೂ ಇವಳ ಕೈಯಲ್ಲೇ ಇರುವುದು ನನಗೆ ಗೊತ್ತಿತ್ತು. ಲ್ಯಾಪ್‌ಟಾಪ್ ಮುಚ್ಚಿಡು, ಒಂದು ವರ್ಷದಲ್ಲಿ ಏನೇನು ಬರೆಯುತ್ತೀಯ ಅಂತ ಸುಮ್ನೆ ಬಾಯಲ್ಲಿ ಹೇಳು ಅಂದೆ. ಅವಳು ಹೇಳುತ್ತಾ ಹೋದಳು, ನಾನು ನೋಟ್‌ಬುಕ್ಕಿನಲ್ಲಿ ಗೀಚಿಕೊಂಡೆ. ಅಡಿಕೆ ಕೊನೆ (ಗೊನೆ) ಕೊಯ್ಲಿನ ಆಳಿನ ಲೆಕ್ಕ. ಸುಲಿದವರಿಗೆ ತೂಕದ ಮೇಲೆ ಕೊಟ್ಟದ್ದು. ಗೊಬ್ಬರ, ಔಷಧಿ, ಸೊಪ್ಪು ಹೊತ್ತ ಕೂಲಿ. ಆಮೇಲೆ ಮಾರಾಟದ ಪಟ್ಟಿಗಳು, ಅಂದರೆ ಅಡಿಕೆ ಮಾರಿದಾಗ ಸಿಗುವ ಲೆಕ್ಕದ ಚೀಟಿಗಳು. ಪಟ್ಟಿಯಲ್ಲಿ ಬಂದ ದುಡ್ಡಿಗೂ ಸೊಸೈಟಿಯ ಪಾಸ್‌ಬುಕ್ಕಿಗೂ ತಾಳೆ ಆಗದಿದ್ದರೆ ಯಾಕೆ ಅಂತ ಹುಡುಕುವುದೂ ಇವಳೇ. ಒಂದು ಸಲ ಬೆಳೆಸಾಲದ ಬಡ್ಡಿ ಮುರಿದುಕೊಂಡಿದ್ದರಂತೆ, ಇನ್ನೊಂದು ಸಲ ಗೊಬ್ಬರದ ಬಾಕಿ.

ನಮ್ಮ ಆಫೀಸಿನಲ್ಲಿ ಹೊಸಬರಿಗೆ ನಾವು ಕೊಡುವ ಮೊದಲ ಕೆಲಸ ಇದೇ ಅಲ್ವಾ? ಎರಡು ಕಡೆಯ ಲೆಕ್ಕ ಇಟ್ಟುಕೊಂಡು ವ್ಯತ್ಯಾಸ ಎಲ್ಲಿದೆ ಅಂತ ಹುಡುಕುವುದು.

ಬರೆಯುವಾಗ ಮಾತ್ರ ಹುಷಾರಾಗಿರಬೇಕು. 'ಅಪ್ಪನಿಗೆ ಸಹಾಯ ಮಾಡಿದ್ದೇನೆ' ಅಂದರೆ ಯಾರೂ ಓದುವುದಿಲ್ಲ. 'ಎಸ್ಟೇಟ್ ಅಕೌಂಟೆಂಟ್' ಅಂದರೆ ಸುಳ್ಳು. ಕೊನೆಗೆ ನಿಂತದ್ದು ಇಷ್ಟು: ಮನೆಯ ಅಡಿಕೆ ತೋಟದ ಲೆಕ್ಕ, ಯಾವ ವರ್ಷದಿಂದ, ಮಾರಾಟದ ಪಟ್ಟಿಗಳನ್ನು ಸಹಕಾರಿ ಸಂಘದ ಪಾಸ್‌ಬುಕ್ಕಿನ ಜೊತೆ ತಾಳೆ ನೋಡುವುದು, ಕೂಲಿ ಲೆಕ್ಕ, ತಿಂಗಳ ಖರ್ಚು ಎಕ್ಸೆಲ್‌ನಲ್ಲಿ. ಹುಬ್ಬಳ್ಳಿ, ಬೆಂಗಳೂರಿಗೆ ಕಳಿಸುವ ಪ್ರತಿಯಲ್ಲಿ ಬರೀ ಅಡಿಕೆ ಅಂತ ಬರೆದೆವು. ಶಿರಸಿ, ಸಿದ್ದಾಪುರ, ಯಲ್ಲಾಪುರದ ವ್ಯಾಪಾರದ ಆಫೀಸುಗಳಿಗೆ ಬೇರೆ ಪ್ರತಿ. ಅದರಲ್ಲಿ ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಅಂತ ಅಡಿಕೆಯ ಬಗೆಗಳನ್ನೆಲ್ಲ ಬಿಡಿಸಿ ಹೇಳಿದ್ದೆವು. ಇಲ್ಲಿಯವರಿಗೆ ಆ ಒಂದು ಸಾಲು ಸಾಕು, ಹುಡುಗಿಗೆ ಮಾಲು ಗೊತ್ತು ಅಂತ ಅರ್ಥ ಆಗುತ್ತದೆ.

ಟ್ಯಾಲಿ ಅಂದರೆ ಲೆಕ್ಕ ಬರೆಯುವ ಸಾಫ್ಟ್‌ವೇರ್, ಅದರದ್ದು ದೊಡ್ಡ ಕತೆ. ಕಂಪ್ಯೂಟರ್ ಸೆಂಟರಿನ ಸರ್ಟಿಫಿಕೇಟ್ ಇತ್ತು. ಬಿಲ್ ಒಂದನ್ನು ಎಂಟ್ರಿ ಮಾಡಿ ತೋರಿಸು ಅಂದರೆ ಕೈ ಓಡಲಿಲ್ಲ. ಕೋರ್ಸ್ ಮುಗಿದ ಮೇಲೆ ಮುಟ್ಟಿರಲೇ ಇಲ್ಲ. ತಪ್ಪು ಅವಳದಲ್ಲ, ಮನೆಯಲ್ಲಿ ಟ್ಯಾಲಿ ಯಾರು ಇಟ್ಟಿರುತ್ತಾರೆ? ಟ್ಯಾಲಿಪ್ರೈಮ್ ಅನ್ನು ಲೈಸೆನ್ಸ್ ಇಲ್ಲದೆ ಎಜುಕೇಶನಲ್ ಮೋಡ್‌ನಲ್ಲಿ ಪುಕ್ಕಟೆ ನಡೆಸಬಹುದು ಅನ್ನುವುದು ತುಂಬಾ ಜನರಿಗೆ ಗೊತ್ತಿಲ್ಲ. ಅದರಲ್ಲಿ ತಿಂಗಳ 1, 2 ಮತ್ತು 31ನೇ ತಾರೀಕಿಗೆ ಮಾತ್ರ ಎಂಟ್ರಿ ಹಾಕಲು ಬಿಡುತ್ತದೆ. ಕಲಿಯಲಿಕ್ಕೆ ಅಷ್ಟು ಸಾಕು. ಮನೆಯ ಪಟ್ಟಿಗಳನ್ನೆಲ್ಲ ಆ ತಾರೀಕುಗಳಿಗೆ ಹೊಂದಿಸಿ ಹಾಕಿಸಿದೆ. ಆಮೇಲೆ ಒಂದು ಸುಳ್ಳು ಅಂಗಡಿ ಕಟ್ಟಿ ವ್ಯಾಪಾರ ಮಾಡಿಸಿದೆ. ಒಣ ಅಡಿಕೆಗೆ ಜಿಎಸ್‌ಟಿ ಶೇ. 5. ರಾಜ್ಯದ ಒಳಗೆ ಮಾರಿದರೆ ಅದು ಕೇಂದ್ರಕ್ಕೆ ಎರಡೂವರೆ, ರಾಜ್ಯಕ್ಕೆ ಎರಡೂವರೆ ಆಗಿ ಒಡೆಯುತ್ತದೆ. ಗುಜರಾತಿಗೆ ಹೋದರೆ ಪೂರ್ತಿ ಐಜಿಎಸ್‌ಟಿ, ಅಂದರೆ ಬೇರೆ ರಾಜ್ಯಕ್ಕೆ ಮಾರುವಾಗಿನ ಜಿಎಸ್‌ಟಿ. ಮಾಲಿನ ಬೆಲೆ ₹50,000 ದಾಟಿದರೆ ಸಾಗಿಸಲಿಕ್ಕೆ ಇ-ವೇ ಬಿಲ್. ತಿಂಗಳ ರಿಟರ್ನ್ ಇರುವವರಿಗೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1 ಮುಂದಿನ ತಿಂಗಳ 11ರೊಳಗೆ, ತೆರಿಗೆ ಕಟ್ಟುವ ಜಿಎಸ್‌ಟಿಆರ್-3ಬಿ 20ರೊಳಗೆ. ಇದೆಲ್ಲ ಕಾಲೇಜಿನಲ್ಲಿ ಓದಿದ್ದೇ. ಆದರೆ ಸ್ವಂತ ಕೈಯಲ್ಲಿ ಬಿಲ್ ಹೊಡೆದಾಗ ತಲೆಯಲ್ಲಿ ನಿಲ್ಲುವುದೇ ಬೇರೆ.

ಇಷ್ಟಾದ ಮೇಲೆ 'ಟ್ಯಾಲಿ ಬರುತ್ತದೆ' ಅನ್ನುವ ಸಾಲು ತೆಗೆದೆವು. ಲೆಡ್ಜರ್ ಮಾಡುವುದು, ಜಿಎಸ್‌ಟಿ ಬಿಲ್, ಬ್ಯಾಂಕ್ ತಾಳೆ, ಹೀಗೆ ಏನು ಬರುತ್ತದೋ ಅದನ್ನೇ ಬರೆದೆವು. ಎಕ್ಸೆಲ್ ಮುಂದಿದ್ದ 'ಅಡ್ವಾನ್ಸ್ಡ್' ಹೋಯಿತು. ಇಂಗ್ಲಿಷ್‌ಗೆ ಕೊಟ್ಟುಕೊಂಡಿದ್ದ ನಾಲ್ಕು ಸ್ಟಾರ್ ಕೂಡ ಹೋಯಿತು. ಯಾರು ಕೊಟ್ಟ ಸ್ಟಾರ್ ಅದು? ನಾಯಕತ್ವ ಗುಣ ಅಂತ ಒಂದಿತ್ತು. ಕೆದಕಿದರೆ ಎನ್‌ಎಸ್‌ಎಸ್ ಕ್ಯಾಂಪಿನಲ್ಲಿ ಊಟದ ಖರ್ಚಿನ ದುಡ್ಡು ಇವಳ ಕೈಯಲ್ಲಿತ್ತಂತೆ, ಬಿಲ್ ಸಮೇತ ಲೆಕ್ಕ ಒಪ್ಪಿಸಿದ್ದಳಂತೆ. ಅದನ್ನೇ ಬರೆ ಅಂದೆ. ನಾನು ಇಟ್ಟುಕೊಂಡ ಅಳತೆ ಒಂದೇ: ಯಾವ ಸಾಲಿಗೆ ಬೆರಳಿಟ್ಟು ಕೇಳಿದರೂ ಎರಡು ನಿಮಿಷ ತಡವರಿಸದೆ ಮಾತಾಡಬೇಕು. ಆಗದಿದ್ದರೆ ಆ ಸಾಲು ಬೇಡ. ಹೀಗೆ ಮಾಡಿ ಎರಡು ಪುಟ ಒಂದಾಯಿತು.

ಇನ್ನು ಫೋನ್ ನಂಬರ್. ಇದನ್ನು ಪೇಟೆಯವರು ಯಾರೂ ಹೇಳಿಕೊಡುವುದಿಲ್ಲ. ಅವರ ಮನೆಯಲ್ಲಿ ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತಬೇಕು. ಮಳೆಗಾಲದಲ್ಲಿ ಕರೆಂಟ್ ಹೋದರೆ ಟವರ್ರೂ ಮಲಗುತ್ತದೆ. ಆಫೀಸಿನವರು ಒಂದು ಸಲ ಫೋನ್ ಮಾಡುತ್ತಾರೆ, ಹತ್ತದಿದ್ದರೆ ಮುಂದಿನವರಿಗೆ ಮಾಡುತ್ತಾರೆ. ನಾನೂ ಹಾಗೇ ಮಾಡುವುದು, ಸುಳ್ಳು ಯಾಕೆ ಹೇಳಲಿ. ಅದಕ್ಕೇ ಅವಳ ನಂಬರಿನ ಕೆಳಗೆ ಶಿರಸಿ ಪೇಟೆಯಲ್ಲಿರುವ ನನ್ನ ನಂಬರನ್ನೂ ಹಾಕಿದೆವು. ದಿನಕ್ಕೆರಡು ಬಾರಿ ಮೇಲ್ ನೋಡುವುದು ಅವಳ ಪಾಲಿನ ಕೆಲಸ.

ಹೆಸರಿನ ಸ್ಪೆಲಿಂಗ್ ಕೂಡ ನೋಡಿಕೊಳ್ಳಿ. ನಮ್ಮ ಕಡೆ ಹೆಗಡೆಯನ್ನು ಇಂಗ್ಲಿಷಿನಲ್ಲಿ ಎರಡು ಮೂರು ಥರ ಬರೆಯುತ್ತಾರೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೇಗಿದೆಯೋ ಹಾಗೇ ಇರಲಿ.

ಫೋಟೊ, ಬಣ್ಣದ ಪಟ್ಟಿ, ಎರಡು ಕಾಲಂ ಬೇಡ. ದೊಡ್ಡ ಕಂಪನಿಗಳಲ್ಲಿ ಮೊದಲು ಓದುವುದು ಸಾಫ್ಟ್‌ವೇರ್. ಅದಕ್ಕೆ ಕಾಲಂ, ಚಿತ್ರ ಅಂದರೆ ಗೊಂದಲ. ಪ್ರಿಂಟ್ ತೆಗೆದು ಸ್ಕ್ಯಾನ್ ಮಾಡಿದ ಪಿಡಿಎಫ್ ಅಂತೂ ಅದಕ್ಕೆ ಬರೀ ಚಿತ್ರ. ಪಿಡಿಎಫ್ ತೆರೆದು ಅಕ್ಷರಗಳನ್ನು ಕಾಪಿ ಮಾಡಿ ನೋಟ್‌ಪ್ಯಾಡಿಗೆ ಹಾಕಿ ನೋಡಿ. ಸಾಲು ಸರಿಯಾಗಿ ಬಂದರೆ ಚಿಂತೆ ಇಲ್ಲ. ವಿಳಾಸದಲ್ಲಿ ಹಳ್ಳಿಯ ಹೆಸರು ನೋಡಿ ಈ ಹುಡುಗಿ ಊರು ಬಿಟ್ಟು ಬರುತ್ತಾಳಾ ಅನ್ನುವ ಅನುಮಾನ ಬರುತ್ತದೆ. ಆದ್ದರಿಂದ ವಿಳಾಸಕ್ಕೆ ಬರೀ ಶಿರಸಿ, ಪಕ್ಕದಲ್ಲಿ 'ಹುಬ್ಬಳ್ಳಿ, ಬೆಂಗಳೂರಿಗೆ ಬರಲು ತಯಾರಿದ್ದೇನೆ' ಅಂತ ಒಂದು ಸಾಲು.

ಅವಳ ಜೊತೆ ಓದಿದ ಕಾರವಾರದ ಹುಡುಗಿಯೂ ಫೋನಿನಲ್ಲಿ ಸಲಹೆ ಕೇಳಿದಳು. ಅವಳ ಕಣ್ಣು ಮಡಗಾಂವ್ ಕಡೆ. ಮನೆಮಾತು ಕೊಂಕಣಿ, ಆದರೆ ರೆಸ್ಯೂಮ್‌ನಲ್ಲಿ ಕೊಂಕಣಿಯೇ ಇರಲಿಲ್ಲ! ಗೋವಾದಲ್ಲಿ ಗಿರಾಕಿ ಜೊತೆ ಮಾತಾಡುವ ಕೆಲಸಕ್ಕೆ ಅದಕ್ಕಿಂತ ಬೇರೆ ಏನು ಬೇಕು? ಭಾಷೆಗಳ ಸಾಲನ್ನು ಮೇಲಕ್ಕೆ ತಂದು ಕೊಂಕಣಿಯನ್ನೇ ಮೊದಲು ಹಾಕು ಅಂದೆ. ಅವಳ ತಮ್ಮ ಐಟಿಐ ಮುಗಿಸಿ ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ ಅಪ್ರೆಂಟಿಸ್ ಆಗಬೇಕು ಅಂತ ಇದ್ದಾನೆ. ಅವನಿಗೆ ರೆಸ್ಯೂಮ್ ತಿದ್ದುತ್ತಾ ಕೂರಬೇಡ, ಪ್ರಕಟಣೆಯಲ್ಲಿ ಕೇಳಿದ ದಾಖಲೆ ಜೋಡಿಸಿಕೋ ಅಂದೆ. ಅಲ್ಲಿ ನಡೆಯುವುದು ಅವರ ಅರ್ಜಿ, ಅವರ ನಿಯಮ.

ತಂಗಿಯ ಮಗಳಿಗೆ ಹುಬ್ಬಳ್ಳಿಯ ಒಂದು ಆಡಿಟರ್ ಆಫೀಸಿನಿಂದ ಕರೆ ಬಂತು, ಅದೂ ನನ್ನ ನಂಬರಿಗೆ. ಸಂದರ್ಶನದಲ್ಲಿ ಕರಿಯರ್ ಗುರಿ ಏನು ಅಂತೆಲ್ಲ ಕೇಳಲಿಲ್ಲವಂತೆ. ಸಾಹೇಬರು ತೋಟದ ಸಾಲಿಗೇ ಬೆರಳಿಟ್ಟರಂತೆ. ಪಾಸ್‌ಬುಕ್ಕಿಗೂ ಪಟ್ಟಿಗೂ ವ್ಯತ್ಯಾಸ ಬಂದರೆ ಮೊದಲು ಎಲ್ಲಿ ನೋಡುತ್ತೀಯಮ್ಮ ಅಂದರು. ಇವಳು ಬಡ್ಡಿಯ ಕತೆ ಹೇಳಿದಳು. ಆಮೇಲೆ ಕೆಲವು ಬಿಲ್ ಕೊಟ್ಟು ಟ್ಯಾಲಿ ಮುಂದೆ ಕೂರಿಸಿದರು. ಅಲ್ಲಿ ಯಾವ ತಾರೀಕು ಬೇಕಾದರೂ ಹಾಕಬಹುದಲ್ಲ, ಆರಾಮಾಗಿ ಮುಗಿಸಿ ಬಂದಳು.

ಸಂಬಳ ಜಾಸ್ತಿ ಏನಿಲ್ಲ. ಪಿ.ಜಿ. ಬಾಡಿಗೆ, ಊಟಕ್ಕೆ ಕೊಟ್ಟು ಮಿಕ್ಕದ್ದು ಸ್ವಲ್ಪವೇ. ಒಂದೆರಡು ವರ್ಷ ಅಲ್ಲಿ ಪಳಗಲಿ ಅನ್ನುವುದು ನನ್ನ ಲೆಕ್ಕ. ತಂಗಿಯ ತಕರಾರು ಬೇರೆ: ಈ ವರ್ಷ ಕೊಯ್ಲಿನ ಲೆಕ್ಕ ಬರೆಯುವವರು ಯಾರು? ಸದ್ಯಕ್ಕೆ ಭಾವ ಪೇಟೆಗೆ ಬಂದಾಗ ಪಟ್ಟಿಯ ಫೋಟೊ ತೆಗೆದು ವಾಟ್ಸ್‌ಆ್ಯಪ್ ಮಾಡುತ್ತಾರೆ, ಅವಳು ಭಾನುವಾರ ಹುಬ್ಬಳ್ಳಿಯಲ್ಲೇ ಕೂತು ಎಕ್ಸೆಲ್‌ಗೆ ಹಾಕುತ್ತಾಳೆ.