ಸರ್ವರ್‌ಗೆ ಬೀಗ ಬಿದ್ದ ಮೊದಲ ಆರು ಗಂಟೆ

ಬೆಳಿಗ್ಗೆ ಕಚೇರಿ ತೆರೆದರೆ ಒಂದು ಕಡತವೂ ತೆರೆಯುವುದಿಲ್ಲ. ಪರದೆಯ ಮೇಲೆ ಹಣ ಕೇಳುವ ಸಂದೇಶ. ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ಕುತಂತ್ರಾಂಶವಾದ ರ‍್ಯಾನ್ಸಮ್‌ವೇರ್ ಹೊಕ್ಕ ಇಂಥ ಮೂರು ಕಚೇರಿಗಳಿಗೆ ನಾನು ಹೋಗಿದ್ದೇನೆ. ಮೂರರಲ್ಲೂ ನಾನು ತಲುಪುವಷ್ಟರಲ್ಲಿ ರಿಪೇರಿಯವರು ಬಂದು ಸರ್ವರನ್ನು ಫಾರ್ಮ್ಯಾಟ್ ಮಾಡಿ, ಅಂದರೆ ಪೂರ್ತಿ ಅಳಿಸಿ, ಹೋಗಿದ್ದರು. ಕಳ್ಳ ಹೊಕ್ಕ ಮನೆಯನ್ನು ಪೊಲೀಸರು ಬರುವ ಮುಂಚೆ ಸಾರಿಸಿದಂತೆ.

ಮೊದಲು ನೆಟ್‌ವರ್ಕ್ ಕೇಬಲ್ ಕೀಳಿ, ಯಂತ್ರಗಳ ವೈಫೈ ನಿಲ್ಲಿಸಿ, ಬ್ಯಾಕಪ್ ಡಿಸ್ಕ್ ಬಿಡಿಸಿ.

ಎಲ್ಲರೂ ಎಡವುವುದು ಎರಡನೆಯ ಹಂತದಲ್ಲಿ. ಸಂಪರ್ಕ ಕಡಿದ ಯಂತ್ರವನ್ನು ಆಫ್ ಮಾಡಬೇಡಿ. ದಾಳಿಯ ಕುರುಹು ಕೆಲವೊಮ್ಮೆ ಮೆಮೊರಿಯಲ್ಲಷ್ಟೇ ಇರುತ್ತದೆ, ವಿದ್ಯುತ್ ಹೋದರೆ ಅದೂ ಹೋಗುತ್ತದೆ. ಪರದೆಯ ಫೋಟೊ ತೆಗೆಯಿರಿ. ಬೀಗ ಬಿದ್ದ ಒಂದು ಕಡತವನ್ನು, ಹಣ ಕೇಳಿದ ಸಂದೇಶವನ್ನು ಹಾಗೆಯೇ ಉಳಿಸಿ. ಫೈರ್‌ವಾಲ್ (ಜಾಲದ ಕಾವಲು ವ್ಯವಸ್ಥೆ) ಮತ್ತು ಸರ್ವರ್‌ಗಳ ಲಾಗ್‌ಗಳನ್ನು, ಅಂದರೆ ಯಾವಾಗ ಏನಾಯಿತೆಂಬ ದಾಖಲೆಗಳನ್ನು, ಹೊಸ ಡಿಸ್ಕ್‌ಗೆ ನಕಲಿಸಿ. ರೂಟರನ್ನೂ ಆಫ್ ಮಾಡಬೇಡಿ: ಅಗ್ಗದ ರೂಟರ್‌ಗಳು ಒಮ್ಮೆ ಆಫ್ ಮಾಡಿ ಹಾಕಿದರೆ ಲಾಗ್ ಮರೆತುಬಿಡುತ್ತವೆ. ಸರ್ವರ್ ಗಡಿಯಾರ ನಿಮ್ಮ ಮೊಬೈಲಿಗಿಂತ ಎಷ್ಟು ನಿಮಿಷ ಹಿಂದೆ ಮುಂದೆ ಇದೆ ಎಂಬುದನ್ನೂ ಬರೆದಿಡಿ. ನಿಮ್ಮ ಲಾಗನ್ನು ಬ್ಯಾಂಕಿನ, ದೂರಸಂಪರ್ಕ ಕಂಪನಿಯ ಲಾಗ್‌ಗಳ ಜೊತೆ ಸಾಲುಸಾಲಾಗಿ ತಾಳೆ ನೋಡುವಾಗ ಏಳು ನಿಮಿಷದ ವ್ಯತ್ಯಾಸ ತನಿಖೆಯ ದಿಕ್ಕನ್ನೇ ತಪ್ಪಿಸುತ್ತದೆ. ಗಡಿಯಾರಗಳನ್ನು ಸರ್ಕಾರಿ ಸಮಯಕ್ಕೆ ಹೊಂದಿಸಿ, ಲಾಗ್‌ಗಳನ್ನು 180 ದಿನ ಇಡಿ ಎಂದು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಆದೇಶಿಸಿದ್ದು ಸುಮ್ಮನೆ ಅಲ್ಲ.

ಮೂರನೆಯದು ವರದಿ. ಗಮನಕ್ಕೆ ಬಂದ ಆರು ಗಂಟೆಯೊಳಗೆ ಸರ್ಟ್-ಇನ್‌ಗೆ ತಿಳಿಸಬೇಕು. ಉಚಿತ ದೂರವಾಣಿ 1800-11-4949. ಗೊತ್ತಿರುವಷ್ಟು ಹೇಳಿ, ಉಳಿದದ್ದನ್ನು ನಂತರ ಕಳಿಸಿ. ಸಹಕಾರ ಬ್ಯಾಂಕಾದರೆ ರಿಸರ್ವ್ ಬ್ಯಾಂಕಿಗೂ ತಿಳಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

‘ಮರ್ಯಾದೆ ಹೋಗುತ್ತದೆ’ ಎಂದು ಮುಚ್ಚಿಡುವ ಅಧ್ಯಕ್ಷರನ್ನು ಕಂಡಿದ್ದೇನೆ. 2024ರ ಜುಲೈ ಕೊನೆಯಲ್ಲಿ ಸಣ್ಣ ಬ್ಯಾಂಕುಗಳಿಗೆ ತಂತ್ರಾಂಶ ಸೇವೆ ಕೊಡುವ ಒಂದೇ ಸಂಸ್ಥೆಗೆ ರ‍್ಯಾನ್ಸಮ್‌ವೇರ್ ತಗುಲಿದಾಗ, ಯುಪಿಐ ನಡೆಸುವ ಎನ್‌ಪಿಸಿಐ ಅದರ ಸಂಪರ್ಕವನ್ನು ಕಡಿಯಿತು. ಅದನ್ನು ನೆಚ್ಚಿದ್ದ ಬ್ಯಾಂಕುಗಳ ಗ್ರಾಹಕರು ಯುಪಿಐ ಇಲ್ಲದೆ ಪರದಾಡಿದರು, ಆದರೆ ಸೋಂಕು ಉಳಿದ ಪಾವತಿ ಜಾಲಕ್ಕೆ ದಾಟಲಿಲ್ಲ. ಮುಚ್ಚಿಡದೆ ನೀವು ಕಳಿಸುವ ದಾಳಿಕೋರರ ಒಂದು ಐಪಿ ವಿಳಾಸದಿಂದ (ಅಂತರ್ಜಾಲದಲ್ಲಿ ಯಂತ್ರದ ಗುರುತಿನ ಸಂಖ್ಯೆ) ಇನ್ನೊಂದು ಊರಿನ ಆಸ್ಪತ್ರೆ ತನ್ನ ಬಾಗಿಲು ಭದ್ರಪಡಿಸಿಕೊಳ್ಳಬಹುದು.

‘ಬೀಗ ತೆಗೆದುಕೊಡುತ್ತೇವೆ’ ಎಂದು ಮುಂಗಡ ಕೇಳುವವರನ್ನು ನಂಬಬೇಡಿ. ಡಚ್ ಪೊಲೀಸರು, ಐರೋಪ್ಯ ಒಕ್ಕೂಟದ ಪೊಲೀಸ್ ಸಂಸ್ಥೆ ಯೂರೋಪೋಲ್ ಮತ್ತು ಭದ್ರತಾ ಕಂಪನಿಗಳು ಸೇರಿ 2016ರಲ್ಲಿ ಆರಂಭಿಸಿದ ‘ನೋ ಮೋರ್ ರ‍್ಯಾನ್ಸಮ್’ ಜಾಲತಾಣದಲ್ಲಿ ಹಲವು ಬಗೆಯ ಬೀಗಗಳಿಗೆ ಕೀಲಿ ಉಚಿತವಾಗಿ ಸಿಗುತ್ತದೆ. ಎರಡನೆಯ ಹಂತದಲ್ಲಿ ಉಳಿಸಿದ ಕಡತವನ್ನು ಅಲ್ಲಿ ಪರೀಕ್ಷಿಸಿ.

ಇಷ್ಟಾದ ಮೇಲೆ, ತನಿಖೆಯವರು ಸರಿ ಎಂದರೆ, ಫಾರ್ಮ್ಯಾಟ್ ಮಾಡಿಕೊಳ್ಳಿ.