ಮೊದಲು ಗಿಡ ಬೇರು ಬಿಡಲಿ, ಆಮೇಲೆ ಹಲ್ಲಿ

ಮೊನ್ನೆ ಭಾನುವಾರ ನಮ್ಮ ಹಿಂದಿನ ಬೀದಿಯ ಹುಡುಗ ಹೊಸ ಗಾಜಿನ ಪೆಟ್ಟಿಗೆ ತೋರಿಸುತ್ತೇನೆ ಬನ್ನಿ ಅಂತ ಕರೆದ. ಬೆಳಿಗ್ಗೆ ನರ್ಸರಿಯಿಂದ ಗಿಡ ತಂದಿದ್ದಾನೆ. ಮಧ್ಯಾಹ್ನ ನೆಟ್ಟಿದ್ದಾನೆ. ಸಂಜೆ ತಾನು ಸಾಕಿದ ಹಲ್ಲಿಯನ್ನು ಹಳೆ ಪೆಟ್ಟಿಗೆಯಿಂದ ತೆಗೆದು ಇದರೊಳಗೆ ಬಿಟ್ಟಿದ್ದಾನೆ. ರಾತ್ರಿ ಎಂಟಕ್ಕೆ ನಾನು ಹೋದರೆ ಐದಾರು ಹುಡುಗರು ಗಾಜಿಗೆ ಮೂಗು ಒತ್ತಿಕೊಂಡು, ಫೋನಿನ ಲೈಟು ಬಿಟ್ಟುಕೊಂಡು ನೋಡುತ್ತಿದ್ದಾರೆ. ಅದು ಪಾಪ ಮೇಲಿನ ಮೂಲೆಗೆ ಅಂಟಿಕೊಂಡು ಕೂತಿದೆ. "ಅಜ್ಜಿ, ಯಾಕೋ ಊಟಾನೇ ಮಾಡ್ತಿಲ್ಲ" ಅಂತಾನೆ. ನಿನ್ನನ್ನು ಹೀಗೆ ಕೂರಿಸಿ ಎಲೆ ಹಾಕಿದ್ದರೆ ನೀನು ಉಣ್ಣುತ್ತಿದ್ದೆಯಾ ಅಂತ ಕೇಳಿ ಬಂದೆ. ಮನೆಗೆ ಬಂದರೂ ಸಿಟ್ಟು ಇಳಿಯಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಈ ಮುದುಕಿಗೇನು ಗೊತ್ತು ಅನ್ನಬೇಡಿ. ನಾಲ್ಕು ವರ್ಷದ ಹಿಂದೆ ಮೊಮ್ಮಗ ಕೆಲಸ ಸಿಕ್ಕಿ ಪುಣೆಗೆ ಹೋಗುವಾಗ ತಾನು ಸಾಕಿದ ಹಲ್ಲಿಯನ್ನು ನನ್ನ ತಲೆಗೆ ಕಟ್ಟಿ ಹೋದ. "ಹಲ್ಲಿ ಅನ್ಬೇಡಿ ಅಜ್ಜಿ, ಗೆಕ್ಕೊ ಅನ್ನಿ" ಅಂದ. ನನಗೆ ಹಲ್ಲಿಯೇ. ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟಿದರೆ ನೆಲ ತಟ್ಟಿ ಕೃಷ್ಣ ಕೃಷ್ಣ ಅನ್ನುವ ಮನೆ ನಮ್ಮದು. ಇದು ಕ್ರೆಸ್ಟೆಡ್ ಗೆಕ್ಕೊ ಅನ್ನುವ ಜಾತಿ. ಆಸ್ಟ್ರೇಲಿಯಾದಿಂದ ಪೂರ್ವಕ್ಕಿರುವ ನ್ಯೂ ಕ್ಯಾಲಿಡೋನಿಯಾ ದ್ವೀಪಗಳದ್ದು. ಈ ಜಾತಿ ಅಳಿದೇ ಹೋಯಿತು ಅಂದುಕೊಂಡಿದ್ದರು, 1994ರಲ್ಲಿ ಮತ್ತೆ ಕಣ್ಣಿಗೆ ಬಿತ್ತು. ಇದಕ್ಕೆ ರೆಪ್ಪೆ ಇಲ್ಲ, ನಾಲಿಗೆ ಚಾಚಿ ತನ್ನ ಕಣ್ಣು ತಾನೇ ಒರೆಸಿಕೊಳ್ಳುತ್ತದೆ. ಬಾಲ ಸುರುಳಿ ಸುತ್ತಿಕೊಂಡು ಕೂರುತ್ತಿತ್ತು ಅಂತ ಮೊಮ್ಮಗ ಚಕ್ಕುಲಿ ಅಂತ ಹೆಸರಿಟ್ಟ. ಈಗ ಆ ಬಾಲವೇ ಇಲ್ಲ. ಆ ಕತೆ ಆಮೇಲೆ.

ಚಾಮುಂಡಿ ಬೆಟ್ಟದ ಬಂಡೆ ಸಂದಿಯಲ್ಲಿ ಕಂಡದ್ದನ್ನು ಹಿಡಿದು ತಂದು ಸಾಕುವ ಬುದ್ಧಿ ಮಾತ್ರ ಬೇಡ. ನಮ್ಮ ಕಾಡಿನ ಜೀವಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಹೊರದೇಶದ್ದಾದರೂ ಕಾಗದಪತ್ರ ಸರಿಯಾಗಿ ನೋಡಿ ತನ್ನಿ.

ಪೆಟ್ಟಿಗೆಯ ಮಣ್ಣಿನ ವಿಷಯ ಜಾಸ್ತಿ ಹೇಳುವುದಿಲ್ಲ, ಕುಂಡದಲ್ಲಿ ಗಿಡ ಇಟ್ಟವರಿಗೆ ಗೊತ್ತಿರುತ್ತದೆ. ತಳಕ್ಕೆ ಎರಡು ಬೆರಳು ಹೆಂಚಿನ ಚೂರು. ಅದರ ಮೇಲೆ ಸೊಳ್ಳೆ ಪರದೆಯ ತುಂಡು, ಮಣ್ಣು ಕೆಳಗೆ ಇಳಿಯದ ಹಾಗೆ. ಆಮೇಲೆ ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಮೂರು ಬೊಗಸೆಗೆ ಕೆಂಪು ಮಣ್ಣು ಒಂದು ಬೊಗಸೆ, ಮರಳು ಒಂದು ಹಿಡಿ, ಈ ಲೆಕ್ಕದಲ್ಲಿ ಕಲಸಿ ತುಂಬಿ. ಕೈಯಲ್ಲಿ ಹಿಡಿದು ಅದುಮಿದರೆ ಉಂಡೆಯಾಗಬೇಕು, ಬೆರಳ ಸಂದಿಯಲ್ಲಿ ನೀರು ಒಸರಬಾರದು. ಗೊಬ್ಬರ ಹಾಕಬೇಡಿ. ಮೊದಲ ಸಲ ನಾನೇ ಹಾಕಿ ಕೆಟ್ಟೆ. ಗುಲಾಬಿಗೆ ಒಳ್ಳೆಯದು ಇದಕ್ಕೂ ಒಳ್ಳೆಯದೇ ಅಂತ ಎರಡು ಹಿಡಿ ಸಗಣಿ ಗೊಬ್ಬರ ಬೆರೆಸಿದ್ದೆ. ವಾರ ಕಳೆಯುವಷ್ಟರಲ್ಲಿ ಪೆಟ್ಟಿಗೆ ತುಂಬಾ ನೊರಜು, ಮನೆ ತುಂಬಾ ವಾಸನೆ. ಎಲ್ಲ ತೆಗೆದು ಹಿತ್ತಲಿಗೆ ಸುರಿದೆ.

ಗಿಡ ಅಂದರೆ ಮನಿ ಪ್ಲಾಂಟ್, ಸ್ಪೈಡರ್ ಪ್ಲಾಂಟ್, ಜರಿಗಿಡ, ಸ್ನೇಕ್ ಪ್ಲಾಂಟ್ ಸಾಕು. ಎಕ್ಕ, ಕಣಗಿಲೆ, ಹಾಲು ಬರುವ ಕಳ್ಳಿ ಹತ್ತಿರಕ್ಕೂ ಬೇಡ. ನರ್ಸರಿಯ ಗಿಡವನ್ನು ಕವರಿನ ಮಣ್ಣಿನ ಸಮೇತ ನೆಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆ ಮಣ್ಣಿನಲ್ಲಿ ಗೊಬ್ಬರದ ಕಾಳು ಇರುತ್ತದೆ, ಎಲೆಗೆ ಔಷಧಿ ಹೊಡೆದಿರುತ್ತಾರೆ. ಈ ಪ್ರಾಣಿ ನೀರು ಕುಡಿಯುವುದೇ ಎಲೆಯ ಮೇಲಿನ ಹನಿ ನೆಕ್ಕಿ. ಬೇರಿನ ಮಣ್ಣೆಲ್ಲ ಬಿಡಿಸಿ, ಬಕೆಟ್ಟಿನಲ್ಲಿ ಮೂರು ನೀರು ತೊಳೆಯಿರಿ. ಎಲೆಯ ಹಿಂದೆ ಮುಂದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಎರಡು ವಾರ ಬೇರೆ ಕುಂಡದಲ್ಲಿ ಇಟ್ಟು ಆಮೇಲೆ ಪೆಟ್ಟಿಗೆಗೆ ಹಾಕಿ. ಮೇಲೆ ಒಣಗಿದ ಬಾದಾಮಿ ಮರದ ಎಲೆ ತೊಳೆದು, ಬಿಸಿಲಿಗೆ ಒಣಗಿಸಿ ಹರಡಿ.

ಇಷ್ಟೆಲ್ಲ ಆದ ಮೇಲೂ ಹಲ್ಲಿ ಬಿಡಬೇಡಿ. ನಮ್ಮೂರು ಮಂಡ್ಯದ ಹತ್ತಿರ, ವಿಶ್ವೇಶ್ವರಯ್ಯ ನಾಲೆಯ ಬಯಲು. ನಾಟಿ ಮಾಡಿದ ಮಾರನೆಯ ದಿನ ಗದ್ದೆ ನೋಡಿದರೆ ಅಳು ಬರುತ್ತಿತ್ತು. ಪೈರೆಲ್ಲ ಹಳದಿಯಾಗಿ ತಲೆ ಬಾಗಿಸಿರುತ್ತಿತ್ತು. ಅಪ್ಪ ಮಾತ್ರ ಬದುವಿನ ಮೇಲೆ ನಿಂತು "ಬೇರು ಕಚ್ಕೊಳ್ಳೋವರೆಗೂ ಯಾರೂ ಗದ್ದೆಗೆ ಇಳೀಬೇಡಿ" ಅನ್ನುತ್ತಿದ್ದರು. ಪೆಟ್ಟಿಗೆಗೂ ಅದೇ ಮಾತು. ಮೂರು ನಾಲ್ಕು ವಾರ ಸುಮ್ನೆ ಬಿಡಿ. ಈಗಷ್ಟೇ ನೆಟ್ಟ ಗಿಡದ ಮೇಲೆ 40 ಗ್ರಾಂ ತೂಕದ ಹಲ್ಲಿ ಹಾರಿದರೆ ಗಿಡ ಬುಡ ಸಮೇತ ಬರುತ್ತದೆ. ಮೊದಲ ಎರಡು ವಾರ ಕಟ್ಟಿಗೆಯ ಮೇಲೆ ಬಿಳಿ ಬೂಷ್ಟು ಬರುತ್ತದೆ. ಗಾಬರಿ ಬೇಡ. ಸ್ಪ್ರಿಂಗ್‌ಟೇಲ್ ಅಂತ ಸಾಸಿವೆಗಿಂತ ಚಿಕ್ಕ ಹುಳ ಸಿಗುತ್ತದೆ, ಒಂದು ಡಬ್ಬಿ ತಂದು ಬಿಡಿ. ಬೂಷ್ಟು ತಿಂದು ಚೊಕ್ಕ ಮಾಡುತ್ತವೆ. ಗಿಡದಲ್ಲಿ ಒಂದು ಹೊಸ ಚಿಗುರು ಕಂಡಿತು, ಎಲೆ ಹಿಡಿದು ಮೆಲ್ಲಗೆ ಎಳೆದರೆ ಬುಡ ಅಲುಗಲಿಲ್ಲ ಅಂದರೆ ಪೆಟ್ಟಿಗೆ ತಯಾರು.

ಹಲ್ಲಿಯನ್ನು ಅಲ್ಲಿಗೆ ಒಯ್ಯುವುದು ಹೇಗೆ ಅನ್ನುವುದೇ ದೊಡ್ಡ ವಿಷಯ. ನನ್ನ ಮೊಮ್ಮಗ ಬುದ್ಧಿವಂತ, ಕೈಯಲ್ಲಿ ಹಿಡಿದು ಒಯ್ಯಲು ಹೋದ. ಅದು ಬೆದರಿ ಹಾರಿತು. ಬಾಲ ಕಳಚಿ ನೆಲದ ಮೇಲೆ ಬಿದ್ದು ಒದ್ದಾಡತೊಡಗಿತು. ನಮ್ಮ ಗೋಡೆ ಹಲ್ಲಿಗಾದರೆ ಬಾಲ ಮತ್ತೆ ಬೆಳೆಯುತ್ತದೆ, ಈ ಜಾತಿಗೆ ಬೆಳೆಯುವುದಿಲ್ಲ. ಬಾಲ ಇಲ್ಲದೆಯೂ ಬದುಕಿಗೇನೂ ತೊಂದರೆಯಿಲ್ಲ, ಆದರೆ ಹೆಸರು ಚಕ್ಕುಲಿ, ನೋಡಲು ಕೋಡುಬಳೆಯ ತುಂಡು.

ಆಮೇಲೆ ನಾನು ಕಂಡುಕೊಂಡದ್ದು ತೆಂಗಿನ ಚಿಪ್ಪಿನ ಉಪಾಯ. ಇದೊಂದನ್ನು ಮಾತ್ರ ನಾನು ಹೇಳಿದ ಹಾಗೇ ಮಾಡಿ, ನಡುವೆ ನಿಮ್ಮ ಬುದ್ಧಿ ಸೇರಿಸಬೇಡಿ.

ಚೆನ್ನಾಗಿ ಬಲಿತ, ದೊಡ್ಡ ಕಾಯಿ ಆರಿಸಿ. ದೇವರಿಗೆ ಒಡೆಯುವ ಹಾಗೆ ನೆಲಕ್ಕೆ ಕುಕ್ಕಬೇಡಿ, ಹೋಳು ಸಮ ಬರುವುದಿಲ್ಲ. ಅಂಗೈಯಲ್ಲಿ ಇಟ್ಟುಕೊಂಡು, ಕಾಯಿಯ ನಡುವಿಗೆ ಮಚ್ಚಿನ ಹಿಂಬದಿಯಿಂದ ಟಕ್ ಟಕ್ ಅಂತ ಹೊಡೆಯುತ್ತಾ ತಿರುಗಿಸುತ್ತಾ ಹೋಗಿ. ಎರಡು ಸುತ್ತಿಗೆ ಅದೇ ಬಾಯಿ ಬಿಡುತ್ತದೆ. ಕಾಯಿ ತುರಿದು ಚಟ್ನಿಗೆ ಬಳಸಿಕೊಳ್ಳಿ. ಚಿಪ್ಪಿನ ಒಳಗೆ ಅಂಟಿರುವ ಕಂದು ಸಿಪ್ಪೆಯಿದೆಯಲ್ಲ, ಅದನ್ನು ಚಮಚದಲ್ಲಿ ಒಂದು ಚೂರೂ ಬಿಡದೆ ಕೆರೆಯಿರಿ. ಉಳಿದರೆ ಮುಗ್ಗು ವಾಸನೆ, ಮೇಲೆ ಇರುವೆ. ಕೆರೆದ ಚಿಪ್ಪನ್ನು ಬರೀ ನೀರಿನಲ್ಲಿ ಕಾಲು ಗಂಟೆ ಕುದಿಸಿ. ಸೋಪು, ಪುಡಿ ಯಾವುದೂ ಬೇಡ. ಎರಡು ದಿನ ಬಿಸಿಲಿಗೆ ಇಡಿ. ಮೂಗಿನ ಹತ್ತಿರ ಹಿಡಿದು ನೋಡಿ. ಕೊಬ್ಬರಿ ವಾಸನೆ ಬಂದರೆ ಮತ್ತೆ ಕುದಿಸಿ, ಮತ್ತೆ ಬಿಸಿಲು. ನಾನು ಮೂರು ಸಲ ಮಾಡಿದ್ದೇನೆ.

ಕಣ್ಣಿಲ್ಲದ ಹೋಳಿನಲ್ಲಿ ಬಾಗಿಲು ಕೊರೆಯಿರಿ, ಎರಡು ಹೆಬ್ಬೆರಳು ಒಟ್ಟಿಗೆ ಹೋಗುವಷ್ಟು. ಅಂಚನ್ನು ಒರಟು ಕಲ್ಲಿಗೆ ಉಜ್ಜಿ ನುಣ್ಣಗೆ ಮಾಡಿ. ನಿಮ್ಮ ಬೆರಳು ಒಂದು ಸುತ್ತು ಆಡಿಸಿದರೆ ಎಲ್ಲೂ ಗೀರಬಾರದು, ಅದರ ಚರ್ಮ ನಮ್ಮದಕ್ಕಿಂತ ತೆಳು. ಕಣ್ಣಿರುವ ಹೋಳಿನಲ್ಲಿ ಮೆತ್ತಗಿರುವ ಕಣ್ಣೊಂದನ್ನು ಚುಚ್ಚಿ ತೆರೆಯಿರಿ, ಒಳಗೆ ಬಿದ್ದ ನೀರು ಅಲ್ಲಿಂದ ಇಳಿಯಲಿ. ಹೊರಗಿನ ನಾರು ಸ್ವಲ್ಪ ಇರಲಿ. ಎರಡೂ ಹೋಳು ಜೋಡಿಸಿ, ತೆಂಗಿನ ಹುರಿಯಿಂದ ಬಿಗಿಯಾಗಿ ಕಟ್ಟಿ, ಕಣ್ಣು ಕೆಳಗೆ ಬರುವ ಹಾಗೆ ನೇತು ಹಾಕಿ. ಗೋಂದು ಬೇಡವೇ ಬೇಡ.

ಎಲ್ಲಿ ನೇತು ಹಾಕುವುದು? ಹೊಸ ಪೆಟ್ಟಿಗೆಯಲ್ಲಿ ಅಲ್ಲ, ಹಳೆಯದರಲ್ಲಿ! ಇದನ್ನೇ ಎಲ್ಲರೂ ತಪ್ಪು ಮಾಡುವುದು. ಹೊಸ ಪೆಟ್ಟಿಗೆಯಲ್ಲಿ ಗಿಡ ಬೇರು ಬಿಡುತ್ತಿರುವ ಆ ಮೂರು ನಾಲ್ಕು ವಾರ ಚಿಪ್ಪು ಹಳೆ ಪೆಟ್ಟಿಗೆಯಲ್ಲಿ ಇರಲಿ, ಹಲ್ಲಿ ದಿನಾ ಮಲಗುವ ಎತ್ತರದಲ್ಲೇ. ಮೊದಲು ತಿರುಗಿ ನೋಡುವುದಿಲ್ಲ. ಒಂದು ದಿನ ನಾಲಿಗೆ ತಾಗಿಸಿ ಹೋಗುತ್ತದೆ. ಆಮೇಲೊಂದು ಬೆಳಿಗ್ಗೆ ನೋಡಿದರೆ ಒಳಗೆ ಮಲಗಿರುತ್ತದೆ. ಹಿಕ್ಕೆ ಇದ್ದರೆ ತೆಗೆಯಿರಿ, ಚಿಪ್ಪು ಮಾತ್ರ ತೊಳೆಯಬೇಡಿ. ಅದರ ಮೈವಾಸನೆ ಅಲ್ಲಿ ಕೂರಬೇಕು. ಬಾಣಂತಿ ತವರಿನಿಂದ ಬರುವಾಗ ಮಗುವಿನ ಹಳೆ ಹೊದಿಕೆ ಒಗೆಯದೆ ತರುತ್ತಿದ್ದರು, ಹೊಸ ಮನೆಯಲ್ಲಿ ಮಗು ಅಳಬಾರದು ಅಂತ. ನಮ್ಮತ್ತೆ ನನ್ನ ದೊಡ್ಡ ಮಗನಿಗೆ ಹಾಗೇ ಮಾಡಿಸಿದ್ದರು.

ಒಯ್ಯುವ ದಿನ ಬೆಳಿಗ್ಗೆ ಹನ್ನೊಂದರ ಹೊತ್ತು ಒಳ್ಳೆಯದು. ಇದು ರಾತ್ರಿ ಓಡಾಡುವ ಜೀವ, ಆ ಹೊತ್ತಿಗೆ ಗಾಢ ನಿದ್ದೆ. ಚಿಪ್ಪಿನ ಬಾಯಿಗೆ ಮೆತ್ತನೆಯ ಹತ್ತಿ ಬಟ್ಟೆ ಇಟ್ಟು, ನೇತು ಹಾಕಿದ ಹುರಿ ಮಾತ್ರ ಬಿಚ್ಚಿ, ಎರಡು ಕೈಯಲ್ಲೂ ಹಿಡಿದು, ತುಂಬಿದ ಹಾಲಿನ ಪಾತ್ರೆ ಒಯ್ಯುವ ಹಾಗೆ ಒಯ್ಯಿರಿ. ಅದೇ ಎತ್ತರದಲ್ಲಿ ಕಟ್ಟಿ, ಬಟ್ಟೆ ತೆಗೆದು, ಪೆಟ್ಟಿಗೆಯ ಬಾಗಿಲು ಹಾಕಿ ಆಚೆ ಬನ್ನಿ. ಹಳೆ ಊಟದ ಬಟ್ಟಲು, ಹಳೆ ಕೊಂಬೆ ಒಂದು ಜೊತೆಗಿರಲಿ. ಗಾಜಿನ ಮೂರು ಬದಿಗೆ ಹಳೆ ಹತ್ತಿ ಸೀರೆ ಹೊದಿಸಿ. ಮುಸ್ಸಂಜೆಗೆ ಅದೇ ಎದ್ದು, ತನ್ನ ಮನೆಯ ಬಾಗಿಲಿನಿಂದ ಇಣುಕಿ, ಹೊರಗಿನ ಊರನ್ನು ನಿಧಾನಕ್ಕೆ ನೋಡಿಕೊಳ್ಳುತ್ತದೆ. ಹೆದರಿದರೆ ಹಿಂದಕ್ಕೆ ಹೋಗಿ ಮಲಗಲು ಜಾಗ ಇದೆ ಅಲ್ವಾ?

ಆಮೇಲೆ ಎರಡು ವಾರ ಕೈ ಹಾಕಬೇಡಿ. ಎತ್ತುವುದು, ಫೋಟೊ, ನೆಂಟರಿಗೆ ತೋರಿಸುವುದು ಯಾವುದೂ ಇಲ್ಲ. ಮೊದಲ ಕೆಲವು ದಿನ ಊಟ ಮುಟ್ಟದೆ ಇರಬಹುದು. ಈ ಜಾತಿಗೆಂದೇ ಸಿಗುವ ಪುಡಿ ಊಟವನ್ನು ನೀರಿನಲ್ಲಿ ನೀರುದೋಸೆ ಹಿಟ್ಟಿಗಿಂತ ಗಟ್ಟಿ, ಇಡ್ಲಿ ಹಿಟ್ಟಿಗಿಂತ ತೆಳು ಕಲಸಿ, ಚಿಪ್ಪಿನ ಹತ್ತಿರದ ಎತ್ತರದಲ್ಲೇ ಇಡಿ. ನೆಲದ ಮೇಲಿಟ್ಟು ಹುಡುಕಿಕೊಳ್ಳಲಿ ಅನ್ನಬೇಡಿ. ತೀರಾ ಮುನಿಸಿಕೊಂಡರೆ ನಂಜನಗೂಡು ರಸಬಾಳೆ ಉಗುರಿನಷ್ಟು ಕಿವುಚಿ ಬೆರೆಸಿ, ಆದರೆ ದಿನಾ ಅಲ್ಲ. ಕ್ರಿಕೆಟ್ ಅನ್ನುವ ಮಿಡತೆಯಂಥ ಹುಳ ಕೊಟ್ಟರೆ ಕ್ಯಾಲ್ಸಿಯಂ ಪುಡಿ ಸವರಿ ಕೊಡಿ. ತಿನ್ನದೆ ಬಿಟ್ಟದ್ದನ್ನು ಬೆಳಿಗ್ಗೆ ತೆಗೆಯಿರಿ, ಮಲಗಿದ ಹಲ್ಲಿಯನ್ನು ಅವು ಕಚ್ಚುತ್ತವೆ. ಎರಡು ವಾರ ಕಳೆದ ಮೇಲೆ ವಾರಕ್ಕೊಮ್ಮೆ ಚಿಪ್ಪಿನ ಸಮೇತ ತೂಗಿ, ಖಾಲಿ ಚಿಪ್ಪಿನ ತೂಕ ಮೊದಲೇ ಬರೆದಿಟ್ಟಿರಿ. ತೂಕ ಇಳಿಯುತ್ತಲೇ ಹೋದರೆ ಇಂಥ ಪ್ರಾಣಿ ನೋಡಿ ಗೊತ್ತಿರುವ ಡಾಕ್ಟರ ಹತ್ತಿರ ಹೋಗಿ, ನನ್ನ ಹತ್ತಿರ ಬರಬೇಡಿ.

ಬಾಳೆಹಣ್ಣಿನ ವಾಸನೆಗೆ ನಮ್ಮ ಮೈಸೂರಿನ ಇರುವೆಗಳು ಮೆರವಣಿಗೆ ಬರುತ್ತವೆ. ಪೆಟ್ಟಿಗೆಯ ಮೇಜಿನ ನಾಲ್ಕು ಕಾಲನ್ನೂ ನೀರಿನ ಬಟ್ಟಲಲ್ಲಿ ನಿಲ್ಲಿಸಿ. ನಮ್ಮತ್ತೆಯ ತಿಂಡಿ ಬೀರುವಿನ ಕಾಲಿಗೆ ಕಲ್ಲಿನ ಬಟ್ಟಲೇ ಇದ್ದವು. ಈಗಿನ ಹೆಣ್ಣುಮಕ್ಕಳು ಸಕ್ಕರೆ ಡಬ್ಬಿಯನ್ನು ಫ್ರಿಜ್ಜಿಗೆ ತುರುಕುತ್ತಾರೆ, ಆಮೇಲೆ ಗಟ್ಟಿಯಾಯಿತು ಅಂತ ಗೊಣಗುತ್ತಾರೆ. ಒಂದು ತಟ್ಟೆ ನೀರಿನಲ್ಲಿ ಡಬ್ಬಿ ಇಡಲು ಏನು ಕಷ್ಟವೋ! ಮೇಜಿನ ಕಾಲಿನ ಬಟ್ಟಲ ನೀರನ್ನು ಮೂರು ದಿನಕ್ಕೊಮ್ಮೆ ಚೆಲ್ಲಿ, ಇಲ್ಲದಿದ್ದರೆ ಸೊಳ್ಳೆ.

ನೀರು ಚಿಮುಕಿಸುವುದು ಸಂಜೆ ಧಾರಾಳ, ಬೆಳಿಗ್ಗೆ ಅಷ್ಟಿಷ್ಟು. ನಡುವೆ ಒಣಗಲು ಬಿಡಿ. ಸದಾ ತೊಯ್ದಿದ್ದರೆ ಬೂಷ್ಟು, ತೀರಾ ಒಣಗಿದರೆ ಹಲ್ಲಿ ಪೊರೆ ಕಳಚುವಾಗ ಅದರ ಬೆರಳ ತುದಿಯಲ್ಲಿ ಪೊರೆ ಸಿಕ್ಕಿಕೊಳ್ಳುತ್ತದೆ. ನಲ್ಲಿ ನೀರಾದರೆ ಹಿಂದಿನ ರಾತ್ರಿ ಅಗಲ ಪಾತ್ರೆಯಲ್ಲಿ ತೆರೆದಿಡಿ, ಕ್ಲೋರಿನ್ ವಾಸನೆ ಹೋಗಲಿ. ಬೋರ್‌ವೆಲ್ ನೀರು ಗಾಜಿಗೆ ಬಿಳಿ ಕಲೆ ಹಿಡಿಸುತ್ತದೆ.

ಚಳಿಗಿಂತ ಇದಕ್ಕೆ ಸೆಕೆಯೇ ಶತ್ರು. 22ರಿಂದ 26 ಡಿಗ್ರಿ ಹಿತ, 28 ದಾಟಿದರೆ ನಾನು ಎದ್ದು ಓಡಾಡುತ್ತೇನೆ. ಏಪ್ರಿಲ್‌ನಲ್ಲಿ ಮೈಸೂರೇನೂ ತಂಪಲ್ಲ, ಮಂಡ್ಯ ಕೇಳಲೇಬೇಡಿ. ಪೆಟ್ಟಿಗೆಯ ಮೇಲಿನ ಜಾಲರಿಯ ಅರ್ಧಕ್ಕೆ ಒದ್ದೆ ಟವೆಲ್ ಹಾಕಿ, ಫ್ಯಾನ್ ತಿರುಗಿಸಿ. ಕಿಟಕಿಯ ಬಿಸಿಲು ಗಾಜಿಗೆ ನೇರ ಬೀಳಬಾರದು, ಒಳಗೆ ಬೆಂದು ಹೋಗುತ್ತದೆ. ಶುಕ್ರವಾರದ ಸಾಂಬ್ರಾಣಿ, ಸೊಳ್ಳೆ ಬತ್ತಿ, ಜಿರಳೆಗೆ ಹೊಡೆಯುವ ಸ್ಪ್ರೇ ಆ ಕೋಣೆಗೆ ಬೇಡ. ದೇವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಹೊಂದಿಕೊಂಡಿತು ಅಂತ ಹೇಗೆ ಗೊತ್ತಾಗುತ್ತದೆ ಅಂತೀರಾ? ಬೆಳಿಗ್ಗೆ ಗಾಜಿನ ಮೇಲೆ ಕಾಲಿನ ಗುರುತು, ಬಟ್ಟಲಲ್ಲಿ ನೆಕ್ಕಿದ ಗೆರೆ, ಮನಿ ಪ್ಲಾಂಟ್ ಎಲೆಯ ಮೇಲೆ ಹಿಕ್ಕೆ. ಇಷ್ಟು ಕಂಡರೆ ಸೀರೆ ತೆಗೆಯಬಹುದು. ಅಲ್ಲಿಯವರೆಗೆ ಹಳೆ ಪೆಟ್ಟಿಗೆಯನ್ನು ಯಾರಿಗೂ ಕೊಡಬೇಡಿ, ತೊಳೆಯಲೂ ಬೇಡಿ.

ಪುಣ್ಯಕ್ಕೆ ಆ ಹುಡುಗ ಹಳೆಯದನ್ನು ಇನ್ನೂ ಇಟ್ಟುಕೊಂಡಿದ್ದಾನೆ. ಹಲ್ಲಿಯನ್ನು ವಾಪಸ್ ಅದಕ್ಕೇ ಬಿಡಿಸಿ ಬಂದಿದ್ದೇನೆ. ಅವನಿಗೆ ಅಂತ ಒಂದು ಚಿಪ್ಪು ಕುದಿಸಿ ತಾರಸಿಯ ಮೇಲೆ ಬಿಸಿಲಿಗೆ ಇಟ್ಟಿದ್ದೇನೆ. ಈಗಷ್ಟೇ ಮೂಸಿ ನೋಡಿದೆ. ಇನ್ನೂ ಕೊಬ್ಬರಿ ವಾಸನೆ ಇದೆ, ಇನ್ನೊಂದು ಸಲ ಕುದಿಸಬೇಕು.